ರೇಸಿಂಗ್ ಸೀಟಿಗೆ ಯಾವ ಬೋಲ್ಟ್, ಎಷ್ಟು ಬಿಗಿ?

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ರೇಸಿಂಗ್ ಸೀಟಿಗೆ ಬೋಲ್ಟ್ ಬೇಕು ಎಂದು ಕೇಳಿ ನೋಡಿ. ಅಂಗಡಿಯವರು ಹೆಚ್ಚು ಯೋಚಿಸದೆ ಕಪ್ಪು ಬಣ್ಣದ ಆಲನ್ ಬೋಲ್ಟ್ (ತಲೆಯೊಳಗೆ ಆರು ಮೂಲೆಯ ತೂತಿರುವುದು) ತೆಗೆದು ಕೌಂಟರಿನ ಮೇಲಿಡುತ್ತಾರೆ. "12.9 ಸಾರ್, ಇದಕ್ಕಿಂತ ಗಟ್ಟಿ ಇನ್ನೊಂದಿಲ್ಲ" ಎನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ಸೀಟು ಜಾಗ ಬಿಟ್ಟು ಕದಲುವುದು ಬೋಲ್ಟ್ ತುಂಡಾಗಿ ಅಲ್ಲ. ನೆಲದ ತಗಡು ಹರಿಯುತ್ತದೆ, ಸೀಟಿನೊಳಗಿನ ಥ್ರೆಡ್ ಕಿತ್ತು ಬರುತ್ತದೆ, ಇಲ್ಲವೇ ನಟ್ ತನ್ನಷ್ಟಕ್ಕೆ ತಾನೇ ಸಡಿಲವಾಗುತ್ತದೆ. ಈ ಮೂರಕ್ಕೂ 12.9 ಎಂಬ ಅಂಕಿ ಮದ್ದಲ್ಲ.

ಅದಕ್ಕಾಗಿ ಈ ಹೋಲಿಕೆಯನ್ನು ಬೋಲ್ಟಿನಿಂದ ಆರಂಭಿಸದೆ ಜೋಡಣೆಯಿಂದ ಆರಂಭಿಸುತ್ತೇನೆ. ಬಕೆಟ್ ಸೀಟು, ಅಂದರೆ ಮೈಯನ್ನು ಎರಡೂ ಬದಿಯಿಂದ ಹಿಡಿಯುವ ಚಿಪ್ಪಿನಾಕಾರದ ರೇಸಿಂಗ್ ಸೀಟು, ಕಾರಿನೊಳಗೆ ಮೂರು ಕಡೆ ಬೋಲ್ಟ್ ಹಿಡಿಯುತ್ತದೆ. ಮೊದಲನೆಯದು ಸೀಟಿನ ಚಿಪ್ಪಿಗೂ ಅದರ ಎರಡು ಬದಿಯ ಬ್ರಾಕೆಟ್‌ಗಳಿಗೂ ನಡುವೆ. ಎರಡನೆಯದು ಬ್ರಾಕೆಟ್ಟಿಗೂ ಕೆಳಗಿನ ಸ್ಲೈಡರ್ (ಸೀಟನ್ನು ಹಿಂದೆ ಮುಂದೆ ಸರಿಸುವ ಹಳಿ) ಅಥವಾ ಅಡಿಪಟ್ಟಿಗೂ ನಡುವೆ. ಮೂರನೆಯದು ಅಡಿಪಟ್ಟಿಗೂ ಕಾರಿನ ನೆಲಕ್ಕೂ ನಡುವೆ. ಮೂರರಲ್ಲೂ ಬೋಲ್ಟ್ ಮಾಡುವ ಕೆಲಸ ಬೇರೆ ಬೇರೆ. ಒಂದೇ ಪೊಟ್ಟಣದ ಹನ್ನೆರಡು ಬೋಲ್ಟ್ ತಂದು ಮೂರಕ್ಕೂ ಹಂಚುವುದು ನಮ್ಮ ಗ್ಯಾರೇಜುಗಳ ರೂಢಿ. ಕೆಲಸ ಬೇಗ ಮುಗಿಯುತ್ತದೆ ಎಂಬುದನ್ನು ಬಿಟ್ಟರೆ ಅದಕ್ಕೆ ಬೇರೆ ಸಮರ್ಥನೆ ಇಲ್ಲ.

ತಲೆಯ ಮೇಲಿನ ಅಂಕಿ

ಆದರೂ ಅಂಕಿ ಓದಲು ಬರಬೇಕು. ಬೋಲ್ಟಿನ ತಲೆಯ ಮೇಲೆ 8.8, 10.9, 12.9 ಎಂದು ಅಚ್ಚಾಗಿರುತ್ತದೆ. ಚುಕ್ಕೆಗೆ ಮೊದಲಿನ ಅಂಕಿಯನ್ನು ನೂರರಿಂದ ಗುಣಿಸಿದರೆ ಎಳೆದು ತುಂಡು ಮಾಡಲು ಬೇಕಾದ ಒತ್ತಡ ಮೆಗಾಪಾಸ್ಕಲ್ ಲೆಕ್ಕದಲ್ಲಿ ಸಿಗುತ್ತದೆ. ಚುಕ್ಕೆಯ ನಂತರದ ಅಂಕಿ, ಅದರಲ್ಲಿ ಎಷ್ಟು ಪಾಲಿನವರೆಗೆ ಎಳೆದರೂ ಬೋಲ್ಟ್ ಮತ್ತೆ ತನ್ನ ಮೊದಲಿನ ಉದ್ದಕ್ಕೆ ಮರಳುತ್ತದೆ ಎಂಬುದನ್ನು ಹೇಳುತ್ತದೆ. 8.8 ಎಂದರೆ 800 ಮೆಗಾಪಾಸ್ಕಲ್, ಅದರ ಶೇ. 80, ಅಂದರೆ 640ರವರೆಗೆ ಚೇತರಿಕೆ ಉಂಟು. 10.9ಕ್ಕೆ ಇದು 1000 ಮತ್ತು 900; 12.9ಕ್ಕೆ 1200 ಮತ್ತು 1080.

ಎಂ8, ಅಂದರೆ 8 ಮಿ.ಮೀ. ವ್ಯಾಸದ ಬೋಲ್ಟಿನ ಲೆಕ್ಕಕ್ಕೆ ಬರುವ ಅಡ್ಡ ವಿಸ್ತೀರ್ಣ 36.6 ಚದರ ಮಿಲಿಮೀಟರ್. ಹಾಗಾಗಿ 8.8 ದರ್ಜೆಯ ಒಂದೇ ಒಂದು ಎಂ8 ಬೋಲ್ಟ್ ಸುಮಾರು 29 ಕಿಲೋನ್ಯೂಟನ್, ಅಂದರೆ ಮೂರು ಟನ್ನಿನ ಹತ್ತಿರದ ಎಳೆತವನ್ನು ತಡೆಯುತ್ತದೆ. 75 ಕಿಲೋ ತೂಕದ ಚಾಲಕ ಗುರುತ್ವದ ಇಪ್ಪತ್ತು ಪಟ್ಟು ಹೊಡೆತಕ್ಕೆ ಸಿಕ್ಕಿದರೂ ಒಟ್ಟು ಬಲ ಒಂದೂವರೆ ಟನ್ ಆಗುತ್ತದೆ. ಸೀಟಿನ ಎತ್ತರದಿಂದ ಬರುವ ಸನ್ನೆಯ ಲೆಕ್ಕ ಸೇರಿಸಿದಾಗ ಒಂದೊಂದು ಬೋಲ್ಟಿನ ಪಾಲು ಏರುತ್ತದೆ, ನಿಜ. ಹಾಗಿದ್ದರೂ ನಾಲ್ಕು ಬೋಲ್ಟ್‌ಗಳ ಎದುರು ಮೊದಲು ಸೋಲುವುದು ಒಂದು ಮಿಲಿಮೀಟರಿಗೂ ತೆಳ್ಳಗಿರುವ ನೆಲದ ತಗಡೇ.

ಹಾಗಾದರೆ 12.9 ಹಾಕಿದರೆ ನಷ್ಟವೇನು ಎಂದು ಕೇಳಬಹುದು. ನಷ್ಟವಿದೆ. ಗಟ್ಟಿತನ ಏರಿದ ಹಾಗೆ ಬಾಗುವ ಗುಣ ಇಳಿಯುತ್ತದೆ. ಇಷ್ಟು ಗಡಸು ಉಕ್ಕಿಗೆ ವಿದ್ಯುತ್ ಲೇಪನದಲ್ಲಿ ಸತುವು ಹಚ್ಚಿದರೆ ಲೋಹದೊಳಗೆ ಹೈಡ್ರೋಜನ್ ಸೇರಿಕೊಂಡು, ಬಿಗಿದ ಕೆಲವು ಗಂಟೆಗಳಲ್ಲೋ ದಿನಗಳಲ್ಲೋ ತಲೆ ಹಠಾತ್ತನೆ ಹಾರುವ ಅಪಾಯವಿರುತ್ತದೆ. ಆದ್ದರಿಂದಲೇ ಸರಿಯಾದ 12.9 ಬೋಲ್ಟ್ ಸಾಮಾನ್ಯವಾಗಿ ಕಪ್ಪಾಗಿ, ಎಣ್ಣೆ ಸವರಿಕೊಂಡು ಬರುತ್ತದೆ. ಆ ಕಪ್ಪು ತುಕ್ಕನ್ನು ಹೆಚ್ಚು ದಿನ ತಡೆಯುವುದಿಲ್ಲ. ಮಳೆಗಾಲದಲ್ಲಿ ಅಂಡರ್‌ಪಾಸಿನ ನೀರಿಗೆ ಒಮ್ಮೆ ಇಳಿದ ಕಾರಿನ ಕಾರ್ಪೆಟ್ಟು ವಾರಗಟ್ಟಲೆ ಒಳಗೊಳಗೇ ಒದ್ದೆಯಾಗಿರುತ್ತದೆ. ನೆಲದ ಬೋಲ್ಟ್ ಕೂತಿರುವುದು ಅದೇ ಕಾರ್ಪೆಟ್ಟಿನ ಕೆಳಗೆ. ಥಳಥಳ ಹೊಳೆಯುವ ಸತುವಿನ ಲೇಪನದ 12.9 ಬೋಲ್ಟನ್ನು ಯಾರಾದರೂ ಕೊಡಲು ಬಂದರೆ ನಾನಂತೂ ಮುಟ್ಟುವುದಿಲ್ಲ.

ಸ್ಟೇನ್‌ಲೆಸ್ ಸ್ಟೀಲಿನ ಆಸೆಯೂ ಹಲವರಿಗೆ ಇರುತ್ತದೆ. ತುಕ್ಕು ಹಿಡಿಯದು, ನೋಡಲು ಅಂದ, ಎಸ್.ಪಿ. ರಸ್ತೆಯ ಪ್ರತಿ ಎರಡನೇ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಸಾಮಾನ್ಯವಾಗಿ ಸಿಗುವ ಎ2-70 ದರ್ಜೆಯದು 450 ಮೆಗಾಪಾಸ್ಕಲ್ ದಾಟಿದರೆ ಹಿಗ್ಗಿ ಹಾಗೇ ಉಳಿಯುತ್ತದೆ, 8.8ಕ್ಕೆ ಆ ಮಿತಿ 640 ಎಂಬುದನ್ನು ಮರೆಯಬಾರದು. ಜೊತೆಗೆ ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ ಹಾಕಿ ಒಣದಾಗಿ ಬಿಗಿದರೆ ಥ್ರೆಡ್‌ಗಳು ಒಂದನ್ನೊಂದು ಕಚ್ಚಿಕೊಂಡು ಅರ್ಧದಲ್ಲೇ ನಿಲ್ಲುತ್ತವೆ. ಆಮೇಲೆ ಗ್ರೈಂಡರ್ ಒಂದೇ ದಾರಿ. ಸೀಟಿಗೆ ಇದು ಬೇಡ.

ನನ್ನ ತೀರ್ಪು ಇಷ್ಟು: ಸತುವಿನ ಲೇಪನದ 8.8 ಬಹುತೇಕ ಎಲ್ಲ ಕಡೆ ಸಾಕು. ನೆಲದ ಬೋಲ್ಟಿಗೆ, ಅದರಲ್ಲೂ ಕಂಪನಿಯವರು ಮೊದಲೇ ಹಾಗೆ ಕೊಟ್ಟಿದ್ದರೆ, 10.9. ಕಪ್ಪು 12.9 ಆಲನ್ ಬೋಲ್ಟಿಗೆ ಒಂದೇ ಸಮರ್ಥನೆ: ಸ್ಪ್ಯಾನರ್ ತೂರಿಸಲು ಜಾಗವಿಲ್ಲದ ಕಡೆ ಆಲನ್ ತಲೆ ಬೇಕು, ಅಂಗಡಿಯಲ್ಲಿ ಆಲನ್ ತಲೆಯದು 12.9ರಲ್ಲೇ ಸಿಗುತ್ತದೆ. ಹಾಗೆ ಹಾಕಿದರೂ ಬಿಗಿಯುವುದನ್ನು 8.8ರ ಲೆಕ್ಕದಲ್ಲೇ ಬಿಗಿಯಿರಿ. ಕಾರಣ ಮುಂದೆ ಬರುತ್ತದೆ.

ಅಂಗಡಿಯಲ್ಲಿ ಬರೀ "ಎಚ್‌ಟಿ ಬೋಲ್ಟ್ ಕೊಡಿ" (ಹೈ ಟೆನ್ಸೈಲ್, ಅಂದರೆ ಗಟ್ಟಿ ಬೋಲ್ಟ್) ಎಂದರೆ ಏನು ಬೇಕಾದರೂ ಕೈಗೆ ಬರಬಹುದು. ದರ್ಜೆ, ವ್ಯಾಸ, ಪಿಚ್ (ಒಂದು ಥ್ರೆಡ್ಡಿನಿಂದ ಮುಂದಿನದಕ್ಕಿರುವ ಅಂತರ), ಉದ್ದ, ನಾಲ್ಕನ್ನೂ ಹೇಳಿ ಕೇಳಿ. ತಲೆಯ ಮೇಲೆ ದರ್ಜೆಯ ಅಂಕಿಯ ಜೊತೆ ತಯಾರಕರ ಗುರುತೂ ಇರಬೇಕು. ಟಿವಿಎಸ್, ಅನ್‌ಬ್ರಾಕೋ ಮೊದಲಾದವು ನಮ್ಮಲ್ಲಿ ಸುಲಭವಾಗಿ ಸಿಗುವ ಹೆಸರುಗಳು. ಎರಡರಲ್ಲಿ ಒಂದು ಗುರುತು ಇಲ್ಲದಿದ್ದರೂ ಆ ಬೋಲ್ಟನ್ನು ಬಾಗಿಲಿನ ಚಿಲಕಕ್ಕೆ ಬಳಸಿ. ಇನ್ನೊಂದು ಮಾತು: ಶಿವಾಜಿನಗರದ ಗುಜರಿಯಲ್ಲಿ ಬಳಸಿದ ಬ್ರಾಕೆಟ್ ಕೊಂಡರೆ ಕೊಳ್ಳಿ, ತೊಂದರೆಯಿಲ್ಲ. ಅದರ ಜೊತೆ ಪುಕ್ಕಟೆ ಬರುವ ಬೋಲ್ಟ್‌ಗಳನ್ನು ಅಲ್ಲೇ ಬಿಟ್ಟು ಬನ್ನಿ.

ಸೀಟಿಗೂ ಬ್ರಾಕೆಟ್ಟಿಗೂ: ಇಲ್ಲಿ ಉದ್ದವೇ ಮುಖ್ಯ

ಬದಿಯಿಂದ ಹಿಡಿಯುವ ಬಕೆಟ್ ಸೀಟುಗಳಲ್ಲಿ ಫೈಬರ್ ಚಿಪ್ಪಿನೊಳಗೆ ಲೋಹದ ಥ್ರೆಡ್ ತುಂಡುಗಳನ್ನು ಕೂರಿಸಿರುತ್ತಾರೆ, ಒಂದೊಂದು ಬದಿಗೆ ಎರಡು. ಸಾಮಾನ್ಯವಾಗಿ ಇವು ಎಂ8, 1.25 ಪಿಚ್. ಇಲ್ಲಿ ಬೋಲ್ಟಿನ ದರ್ಜೆ ಎಷ್ಟೇ ಇರಲಿ, ಕೊನೆಯ ಮಾತು ಆ ಥ್ರೆಡ್ ತುಂಡಿನದು ಮತ್ತು ಅದನ್ನು ಹಿಡಿದಿರುವ ಫೈಬರಿನದು. 12.9 ಬೋಲ್ಟನ್ನು ಅದರ ಪೂರ್ಣ ಶಕ್ತಿಗೆ ಬಿಗಿಯಲು ಹೋದರೆ ಬೋಲ್ಟ್ ನಗುತ್ತಿರುತ್ತದೆ, ಥ್ರೆಡ್ ತುಂಡು ಚಿಪ್ಪಿನಿಂದ ಕಿತ್ತು ಬಂದಿರುತ್ತದೆ. ಸಾವಿರಾರು ರೂಪಾಯಿಯ ಸೀಟು ಆಮೇಲೆ ಮನೆಯ ಬಾಲ್ಕನಿಯಲ್ಲಿ ಕೂರಲಷ್ಟೇ ಯೋಗ್ಯ.

ಉದ್ದದ ಲೆಕ್ಕವನ್ನು ಕೊಂಚ ತಾಳ್ಮೆಯಿಂದ ಮಾಡಿ. ವರ್ನಿಯರ್ ಕ್ಯಾಲಿಪರಿನ ಹಿಂಬದಿಯಿಂದ ಹೊರಬರುವ ತೆಳು ಕಡ್ಡಿಯನ್ನು ಸೀಟಿನ ತೂತಿಗೆ ಇಳಿಸಿ ಆಳ ಅಳೆಯಿರಿ. ಕ್ಯಾಲಿಪರ್ ಇಲ್ಲದಿದ್ದರೆ ಒಂದು ತೆಳು ಕಡ್ಡಿ ಇಳಿಸಿ ಉಗುರಿನಿಂದ ಗುರುತು ಮಾಡಿದರೂ ಆದೀತು. ಬ್ರಾಕೆಟ್ 3 ಮಿ.ಮೀ. ಉಕ್ಕಿನದು, ವಾಷರ್ 1.6 ಮಿ.ಮೀ. ದಪ್ಪ ಎಂದುಕೊಳ್ಳಿ, ಇವೆರಡರಲ್ಲಿ 4.6 ಮಿ.ಮೀ. ಕಳೆಯುತ್ತದೆ. 16 ಮಿ.ಮೀ. ಉದ್ದದ ಬೋಲ್ಟ್ ಹಾಕಿದರೆ ಸೀಟಿನೊಳಗೆ 11.4 ಇಳಿಯುತ್ತದೆ, 20 ಮಿ.ಮೀ.ದಾದರೆ 15.4. ಉಕ್ಕಿನ ಥ್ರೆಡ್ಡಿನಲ್ಲಿ ಬೋಲ್ಟಿನ ವ್ಯಾಸದಷ್ಟಾದರೂ, ಅಂದರೆ 8 ಮಿ.ಮೀ., ಒಳಗೆ ಇಳಿದಿರಬೇಕು. ಥ್ರೆಡ್ ತುಂಡು ಅಲ್ಯೂಮಿನಿಯಂ ಆದರೆ 12ಕ್ಕಿಂತ ಕಡಿಮೆ ಬೇಡ. ಅಲ್ಯೂಮಿನಿಯಂ ಬ್ರಾಕೆಟ್ಟು 5 ಮಿ.ಮೀ. ದಪ್ಪವಿದ್ದರೆ 16ರ ಬೋಲ್ಟ್ ಕೈಬಿಟ್ಟು ನೇರವಾಗಿ 20ಕ್ಕೆ ಹೋಗಿ, ಆದರೆ ತೂತಿನ ಆಳ ಅಷ್ಟಿದೆಯೇ ಎಂದು ಮೊದಲು ನೋಡಿಕೊಳ್ಳಿ.

ಉದ್ದ ಕಡಿಮೆಯಾದರೆ ಅಪಾಯ ಎಲ್ಲರಿಗೂ ಗೊತ್ತು. ಉದ್ದ ಹೆಚ್ಚಾದರೆ ಆಗುವ ಅಪಾಯ ಕಣ್ಣಿಗೆ ಕಾಣುವುದಿಲ್ಲ. ಬೋಲ್ಟಿನ ತುದಿ ತೂತಿನ ತಳಕ್ಕೆ ತಗಲುತ್ತದೆ, ಟಾರ್ಕ್ ರೆಂಚ್ (ಬಿಗಿಯುವ ಬಲವನ್ನು ಅಳೆಯುವ ಸ್ಪ್ಯಾನರ್) ಬಿಗಿಯಾಯಿತೆಂದು ಟಕ್ ಎನ್ನುತ್ತದೆ, ಬ್ರಾಕೆಟ್ ಮಾತ್ರ ಇನ್ನೂ ಸಡಿಲ. ಇದನ್ನು ಪತ್ತೆ ಹಚ್ಚಲು ಬಿಗಿಯುವ ಮೊದಲು ಬ್ರಾಕೆಟ್ ಇಲ್ಲದೆ ಬೋಲ್ಟನ್ನು ಬೆರಳಿನಿಂದ ಕೊನೆಯವರೆಗೂ ತಿರುಗಿಸಿ. ತಲೆಯ ಕೆಳಗೆ ಉಳಿಯುವ ಅಂತರ ಬ್ರಾಕೆಟ್ ಮತ್ತು ವಾಷರಿನ ಒಟ್ಟು ದಪ್ಪಕ್ಕಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ಆ ಬೋಲ್ಟ್ ನಿಮ್ಮದಲ್ಲ.

ತಲೆಯ ಆಕಾರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಸಣ್ಣ ಕಾರುಗಳಲ್ಲಿ ಸೀಟಿನ ಬದಿಗೂ ಬಾಗಿಲಿನ ಹೊಸ್ತಿಲಿಗೂ ನಡುವೆ ಬೆರಳು ತೂರುವಷ್ಟು ಜಾಗವೂ ಇರುವುದಿಲ್ಲ. ಎಂ8 ಆಲನ್ ಬೋಲ್ಟಿನ ಸಿಲಿಂಡರ್ ತಲೆ 8 ಮಿ.ಮೀ. ಎತ್ತರ, ದುಂಡು ತಲೆಯ, ಬಟನ್ ಹೆಡ್ ಎನ್ನುವ ಬೋಲ್ಟಿನದು 4.4 ಮಾತ್ರ. ಜಾಗ ಉಳಿಯುತ್ತದೆಂದು ಎಲ್ಲರೂ ಬಟನ್ ಹೆಡ್ ಆರಿಸುತ್ತಾರೆ. ಆದರೆ ಅದರ ತಲೆಯ ಲೋಹವೇ ಕಡಿಮೆ, ಅದೇ ದರ್ಜೆಯ ಸಿಲಿಂಡರ್ ತಲೆಯಷ್ಟು ಹೊರೆ ಅದು ಹೊರುವುದಿಲ್ಲ. ಆ ಕಾರಣಕ್ಕೇ ಕೆಲವದರ ಮೇಲೆ 010.9 ಎಂದು ಮುಂದೊಂದು ಸೊನ್ನೆ ಸೇರಿಸಿ ಅಚ್ಚು ಹಾಕುತ್ತಾರೆ. ಆಲನ್ ಕೀ ಕೂಡ ಎಂ8ಕ್ಕೆ 6 ಮಿ.ಮೀ. ಬದಲು 5 ಮಿ.ಮೀ.ದು, ತೂತಿನ ಆಳವೂ ಕಡಿಮೆ. ಎರಡು ಸಲ ಬಿಚ್ಚಿ ಹಾಕುವಷ್ಟರಲ್ಲಿ ಆರು ಮೂಲೆಗಳೂ ದುಂಡಗಾಗಿ ಕೀ ಸುಮ್ಮನೆ ತಿರುಗತೊಡಗುತ್ತದೆ. ಜಾಗ ಇರುವಲ್ಲೆಲ್ಲ ಚಾಚು ಇರುವ ಷಡ್ಭುಜ ತಲೆಯ ಬೋಲ್ಟೇ ನನ್ನ ಆಯ್ಕೆ, ಜಾಗ ಇಲ್ಲದಲ್ಲಿ ಸಿಲಿಂಡರ್ ತಲೆಯ ಆಲನ್. ಬಟನ್ ಹೆಡ್ ಕೊನೆಯ ಉಪಾಯ.

ಬ್ರಾಕೆಟ್ಟಿಗೂ ಸ್ಲೈಡರಿಗೂ

ಇದು ಮೂರರಲ್ಲಿ ಸುಲಭದ್ದು. ಎರಡೂ ಕಡೆ ಕೈ ಹೋಗುತ್ತದೆ, ಆರಪಾರ ಬೋಲ್ಟ್ ಹಾಕಿ ನಟ್ ಬಿಗಿಯಬಹುದು. ಎಂ8, 8.8, ನೈಲಾನ್ ಬಳೆ ಇರುವ ನೈಲಾಕ್ ನಟ್. ಬಿಗಿದ ಮೇಲೆ ಎರಡು ಮೂರು ಥ್ರೆಡ್ ನಟ್ಟಿನಿಂದ ಹೊರಗೆ ಇಣುಕಬೇಕು. ಬೋಲ್ಟಿನ ತಲೆಯೋ ತುದಿಯೋ ಸ್ಲೈಡರ್ ಓಡುವ ದಾರಿಗೆ ಅಡ್ಡ ಬರುತ್ತದೆಯೇ ಎಂದು ಸೀಟನ್ನು ಪೂರ್ತಿ ಮುಂದೆ, ಪೂರ್ತಿ ಹಿಂದೆ ಸರಿಸಿ ನೋಡಿ. ಸ್ಪರ್ಧೆಗೆಂದೇ ಕಾರು ಸಜ್ಜು ಮಾಡುತ್ತಿದ್ದರೆ, ಓಡಿಸುವವರು ಒಬ್ಬರೇ ಆಗಿದ್ದರೆ, ಸ್ಲೈಡರನ್ನೇ ತೆಗೆದುಹಾಕಿ. ಒಂದು ಜೋಡಣೆ ಕಡಿಮೆಯಾದರೆ ಒಂದು ಚಿಂತೆ ಕಡಿಮೆ; ತೂಕ, ಎತ್ತರ ಎರಡೂ ಇಳಿಯುತ್ತವೆ.

ನೆಲ: ಬೋಲ್ಟಿಗಿಂತ ಅದರ ಕೆಳಗಿನ ತಗಡು

ಇಲ್ಲಿ ಎರಡು ದಾರಿಗಳಿವೆ. ಕಾರಿನ ಮೂಲ ಸೀಟಿದ್ದ ತೂತುಗಳನ್ನೇ ಬಳಸುವ ಅಡಿಪಟ್ಟಿ ಕೊಳ್ಳುವುದು ಒಂದು. ನೆಲದಲ್ಲಿ ಹೊಸ ತೂತು ಕೊರೆಯುವುದು ಇನ್ನೊಂದು. ಕಾರು ರಸ್ತೆಯಲ್ಲೂ ಓಡುವುದಾದರೆ ಮೊದಲನೆಯ ದಾರಿ ಬಿಟ್ಟು ಎರಡನೆಯದನ್ನು ಹಿಡಿಯಲು ನನಗೆ ಕಾರಣ ಕಾಣುವುದಿಲ್ಲ. ಮೂಲ ತೂತುಗಳ ಕೆಳಗೆ ಕಂಪನಿಯವರು ದಪ್ಪ ತಗಡಿನ ಬಲ ಕೊಟ್ಟು, ಅದಕ್ಕೆ ನಟ್ ವೆಲ್ಡ್ ಮಾಡಿರುತ್ತಾರೆ. ಅದನ್ನು ಪರೀಕ್ಷಿಸಿ ಹೊರಬಿಟ್ಟಿರುತ್ತಾರೆ. ಆ ಕೆಲಸ ನಿಮಗೆ ಪುಕ್ಕಟೆ ಸಿಕ್ಕ ಹಾಗೆ.

ಮೂಲ ಬೋಲ್ಟ್‌ಗಳೇ ಉದ್ದ ಸಾಲುವುದಾದರೆ ಅವನ್ನೇ ಹಾಕಿ. ಸಾಲದಿದ್ದರೆ ಹಳೆಯ ಬೋಲ್ಟ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ. ಜಪಾನಿ ಮೂಲದ ಕಾರುಗಳಲ್ಲಿ ಎಂ10 ಬೋಲ್ಟಿಗೆ 1.25 ಪಿಚ್ ಸಾಮಾನ್ಯ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಎಂ10 ಎಂದು ಮಾತ್ರ ಕೇಳಿದರೆ 1.5ರದು ಬರುತ್ತದೆ. 1.5ರ ಬೋಲ್ಟ್ 1.25ರ ನಟ್ಟಿಗೆ ಒಂದೂವರೆ ಸುತ್ತು ಹೋಗಿ ನಿಲ್ಲುತ್ತದೆ. ಆಗ ಗ್ಯಾರೇಜಿನ ಹುಡುಗ ಉದ್ದ ಹಿಡಿಯ ಸ್ಪ್ಯಾನರ್ ತರುತ್ತಾನೆ, ಬಲ ಹಾಕುತ್ತಾನೆ, ಬೋಲ್ಟ್ ಒಳಗೆ ಹೋಗಿಯೂ ಬಿಡುತ್ತದೆ, ಮಾಲೀಕರಿಗೆ ಸಮಾಧಾನವೂ ಆಗುತ್ತದೆ. ಒಳಗೆ ವೆಲ್ಡ್ ಮಾಡಿದ ನಟ್ಟಿನ ಥ್ರೆಡ್ ಹಾಳಾಗಿರುವುದು ಯಾರಿಗೂ ಕಾಣುವುದಿಲ್ಲ. ನಿಯಮ ಸರಳ: ಬೋಲ್ಟ್ ಬೆರಳಿನಿಂದಲೇ ಮೂರು ನಾಲ್ಕು ಸುತ್ತು ಸಲೀಸಾಗಿ ಹೋಗದಿದ್ದರೆ ಅಲ್ಲಿಗೆ ನಿಲ್ಲಿಸಿ.

ಹೊಸ ತೂತೇ ಕೊರೆಯಬೇಕಾದಾಗ ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಒಕ್ಕೂಟ ಎಫ್‌ಐಎಯ ಅನುಬಂಧ ಜೆ, 253ನೇ ವಿಧಿಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ಪ್ರತಿ ಸೀಟಿಗೆ ಕನಿಷ್ಠ ನಾಲ್ಕು ಹಿಡಿತದ ಜಾಗ, ಬೋಲ್ಟಿನ ವ್ಯಾಸ ಕನಿಷ್ಠ 8 ಮಿ.ಮೀ., ಪ್ರತಿ ಜಾಗದಲ್ಲೂ ತಗಡಿನ ಇನ್ನೊಂದು ಬದಿಗೆ ಬೆಂಬಲದ ಫಲಕ. ಫಲಕ ತಗಡಿಗೆ ಒತ್ತಿಕೊಳ್ಳುವ ವಿಸ್ತೀರ್ಣ ಕನಿಷ್ಠ 40 ಚದರ ಸೆಂಟಿಮೀಟರ್. ದಪ್ಪ ಉಕ್ಕಾದರೆ 3 ಮಿ.ಮೀ., ಹಗುರ ಮಿಶ್ರಲೋಹವಾದರೆ 5 ಮಿ.ಮೀ. ನಲವತ್ತು ಚದರ ಸೆಂಟಿಮೀಟರ್ ಎಂದರೆ ಆರೂವರೆ ಸೆಂಟಿಮೀಟರ್ ಬದಿಯ ಚೌಕ, ಹೆಚ್ಚುಕಡಿಮೆ ಒಂದು ನಿಪ್ಪಟ್ಟಿನಷ್ಟು. ಅದರ ಜಾಗದಲ್ಲಿ ನಮ್ಮವರು ಹಾಕುವುದು ಅಗಲವಾದ ಒಂದು ವಾಷರ್. ಡಿಕ್ಕಿಯ ಹೊತ್ತಿಗೆ ಆ ವಾಷರ್ ತಗಡನ್ನು ಹರಿದುಕೊಂಡು ಬೋಲ್ಟ್ ಸಮೇತ ಮೇಲೆ ಬರುತ್ತದೆ. ಬೋಲ್ಟಿನ ಮೇಲೆ 12.9 ಎಂದು ಬರೆದಿದ್ದರೂ ಅಷ್ಟೇ, ಬರೆಯದಿದ್ದರೂ ಅಷ್ಟೇ.

ಈ ಫಲಕ ಮಾಡಿಸಲು ಬೆಂಗಳೂರಿನಷ್ಟು ಅನುಕೂಲದ ಊರು ಇನ್ನೊಂದಿಲ್ಲ. ಪೀಣ್ಯದ ಯಾವುದೇ ಲೇಸರ್ ಕಟಿಂಗ್ ಘಟಕದಲ್ಲಿ 3 ಮಿ.ಮೀ. ತಗಡಿನಲ್ಲಿ ಕತ್ತರಿಸಿ ಕೊಡುತ್ತಾರೆ. ನಾಲ್ಕು ತುಂಡಿನ ಸಣ್ಣ ಕೆಲಸಕ್ಕೆ ಕೆಲವರು ಮುಖ ಸಿಂಡರಿಸುತ್ತಾರೆ, ದೊಡ್ಡ ಕೆಲಸದ ಉಳಿಕೆ ತಗಡಿನಲ್ಲಿ ಮಾಡಿಕೊಡಿ ಎಂದರೆ ಒಪ್ಪುತ್ತಾರೆ. ಫಲಕದ ನಾಲ್ಕೂ ಮೂಲೆಗಳು ದುಂಡಗಿರಲಿ, ಅಂಚನ್ನು ಅರದಿಂದ ತೀಡಿಸಿ. ಚೂಪಾದ ಮೂಲೆ ಕಂಪನಕ್ಕೆ ತಗಡನ್ನೇ ಕೊಯ್ಯುತ್ತದೆ. ಕೊರೆದ ತೂತಿನ ಅಂಚಿಗೆ ಬಣ್ಣ ಬಳಿದು, ನೀರು ನುಗ್ಗದಂತೆ ಸೀಲಂಟ್ ಹಚ್ಚಿದ ಮೇಲೆಯೇ ಬೋಲ್ಟ್ ಹಾಕಿ. ಕೊರೆಯುವ ಮೊದಲು ಕಾರಿನಡಿಗೆ ಇಣುಕಿ ಇಂಧನದ ಪೈಪು, ಬ್ರೇಕಿನ ಪೈಪು ಎಲ್ಲಿ ಹೋಗಿವೆ ಎಂದು ನೋಡಿಕೊಳ್ಳಿ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ, ಆದರೂ ಹೇಳಿಬಿಡುತ್ತೇನೆ.

ಸಡಿಲವಾಗದಂತೆ ಹಿಡಿಯುವವು

ಸ್ಪ್ರಿಂಗ್ ವಾಷರ್ ಹಾಕಿದರೆ ನಟ್ ಬಿಚ್ಚುವುದಿಲ್ಲ ಎಂಬುದು ಐಟಿಐ ಕಾಲದಿಂದ ಬಂದ ನಂಬಿಕೆ. ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲೇ ತೋರಿಸಿದ ಸಂಗತಿ ಬೇರೆ: ಬೋಲ್ಟನ್ನು ಬಿಚ್ಚಿಸುವುದು ಅದಕ್ಕೆ ಅಡ್ಡಲಾಗಿ ಬರುವ ಕಂಪನ. ಅಂಥ ಕಂಪನದ ಪರೀಕ್ಷೆಯಲ್ಲಿ ಸ್ಪ್ರಿಂಗ್ ವಾಷರ್ ಹೆಚ್ಚೇನೂ ಸಾಧಿಸುವುದಿಲ್ಲ. ಸರಿಯಾಗಿ ಬಿಗಿದಾಗ ಅದು ಚಪ್ಪಟೆಯಾಗಿ ಬರಿಯ ವಾಷರ್ ಆಗಿಬಿಡುತ್ತದೆ. ಕಡೂರು, ಚಿಕ್ಕಮಗಳೂರು ಕಡೆಯ ಮಣ್ಣುದಾರಿಯ ರ‍್ಯಾಲಿಗಳಲ್ಲಿ ಸೀಟಿಗೆ ಸಿಗುವುದು ಇದೇ ಬಗೆಯ ಕುಲುಕಾಟ.

ನಟ್ ಇರುವಲ್ಲಿ ನೈಲಾಕ್, ನಟ್ ಇಲ್ಲದೆ ನೇರ ಥ್ರೆಡ್ಡಿಗೆ ಹೋಗುವಲ್ಲಿ ಮಧ್ಯಮ ಬಲದ ನೀಲಿ ಅಂಟು, ಲಾಕ್‌ಟೈಟ್ 243 ಅಥವಾ ಅದರ ಸಮಾನದ್ದು. ಕೆಂಪು ಅಂಟು ಸೀಟಿಗೆ ಬೇಡ. ಬಿಚ್ಚಲು ಕಾಯಿಸಬೇಕಾಗುತ್ತದೆ, ಫೈಬರ್ ಚಿಪ್ಪಿನ ಪಕ್ಕದಲ್ಲಿ ಬೆಂಕಿ ಹಿಡಿಯುವವರು ಯಾರು? ನೈಲಾಕ್ ನಟ್ಟನ್ನು ಬಿಚ್ಚಿದ ಮೇಲೆ ಹೊಸದನ್ನೇ ಹಾಕಿ, ಅದರ ಬೆಲೆ ಹೇಳಿಕೊಳ್ಳುವಂಥದ್ದಲ್ಲ.

ಬಿಗಿಯುವ ಕೆಲಸ

ಬೋಲ್ಟ್ ಒಂದು ಗಟ್ಟಿ ಸ್ಪ್ರಿಂಗ್. ಬಿಗಿದಾಗ ಅದು ಕೂದಲೆಳೆಯಷ್ಟು ಹಿಗ್ಗುತ್ತದೆ, ಆ ಹಿಗ್ಗೇ ಎರಡು ತಗಡುಗಳನ್ನು ಒತ್ತಿ ಹಿಡಿಯುತ್ತದೆ. ತಗಡುಗಳು ಜಾರದೆ ನಿಲ್ಲುವುದು ಆ ಒತ್ತಡದಿಂದ ಹುಟ್ಟುವ ಘರ್ಷಣೆಯಿಂದ. ಎಂ8, 8.8 ಬೋಲ್ಟನ್ನು ಒಣ ಥ್ರೆಡ್ಡಿನಲ್ಲಿ 25 ನ್ಯೂಟನ್ ಮೀಟರಿಗೆ (ತಿರುಗಿಸುವ ಬಲದ ಅಳತೆ) ಬಿಗಿದರೆ ಸುಮಾರು 16 ಕಿಲೋನ್ಯೂಟನ್, ಒಂದೂವರೆ ಟನ್ನಿಗೂ ಮೇಲಿನ ಹಿಡಿತ ಸಿಗುತ್ತದೆ. ಕೈಯಳತೆಯಲ್ಲಿ ಅರ್ಧ ಬಿಗಿದರೆ ಹಿಡಿತವೂ ಅರ್ಧ, ಆಗ ತಗಡು ಜಾರತೊಡಗುತ್ತದೆ, ಜಾರಿದ ಬೋಲ್ಟ್ ಬಿಚ್ಚತೊಡಗುತ್ತದೆ. ಸರಿಯಾಗಿ ಬಿಗಿದ 8.8, ಕೈಯಳತೆಯ 12.9ಕ್ಕಿಂತ ಎಷ್ಟೋ ಮೇಲು.

ಸೀಟಿನ ಮತ್ತು ಕಾರಿನ ತಯಾರಕರು ಕೊಟ್ಟ ಅಂಕಿ ಇದ್ದರೆ ಅದೇ ಕೊನೆಯ ಮಾತು, ವಿಶೇಷವಾಗಿ ಫೈಬರ್ ಚಿಪ್ಪಿನ ಥ್ರೆಡ್ಡಿಗೆ. ಅದು ಇಲ್ಲದಾಗ, ಉಕ್ಕಿನಿಂದ ಉಕ್ಕಿಗೆ, ಒಣ ಥ್ರೆಡ್ಡಿಗೆ ಸಾಮಾನ್ಯ ಲೆಕ್ಕ ಹೀಗಿದೆ: ಎಂ8ಕ್ಕೆ 8.8ರಲ್ಲಿ 25, 10.9ರಲ್ಲಿ 36ರ ಆಸುಪಾಸು, ಎಂ10ಕ್ಕೆ 8.8ರಲ್ಲಿ 50, 10.9ರಲ್ಲಿ 70ರ ಆಸುಪಾಸು, ಎಲ್ಲವೂ ನ್ಯೂಟನ್ ಮೀಟರಿನಲ್ಲಿ. 12.9 ಎಂ8 ಬೋಲ್ಟ್ 42ರವರೆಗೂ ತಾಳುತ್ತದೆ, ಆದರೆ ಅದರ ಎದುರಿನ ನಟ್ ಅಥವಾ ಥ್ರೆಡ್ ತುಂಡು ಆ ದರ್ಜೆಯದಲ್ಲ. ಅದಕ್ಕೇ 25ಕ್ಕೆ ನಿಲ್ಲಿಸಿ ಎಂದು ಮೊದಲೇ ಹೇಳಿದ್ದು.

ಎಣ್ಣೆ, ಗ್ರೀಸಿನ ವಿಷಯದಲ್ಲಿ ಎಚ್ಚರ. ರೆಂಚಿಗೆ ಕೊಟ್ಟ ಬಲದಲ್ಲಿ ಹೆಚ್ಚುಕಡಿಮೆ ಶೇ. 90 ಭಾಗ ತಲೆಯ ಕೆಳಗಿನ ಮತ್ತು ಥ್ರೆಡ್ಡಿನ ಘರ್ಷಣೆಗೇ ಹೋಗುತ್ತದೆ, ಬೋಲ್ಟನ್ನು ಹಿಗ್ಗಿಸಲು ಉಳಿಯುವುದು ಹತ್ತು. ಗ್ರೀಸ್ ಹಚ್ಚಿದರೆ ಘರ್ಷಣೆ ಇಳಿದು ಅದೇ 25 ನ್ಯೂಟನ್ ಮೀಟರಿಗೆ 16ರ ಬದಲು 20 ಕಿಲೋನ್ಯೂಟನ್ ದಾಟಬಹುದು, 8.8 ಎಂ8 ಬೋಲ್ಟಿನ ಸುರಕ್ಷಿತ ಮಿತಿ 21ರ ಹತ್ತಿರ. ಅಂದರೆ ರೆಂಚ್ ಸರಿಯಾದ ಅಂಕಿ ತೋರಿಸುತ್ತಿದ್ದರೂ ಬೋಲ್ಟ್ ಅಂಚಿಗೆ ಬಂದು ನಿಂತಿರುತ್ತದೆ. ತುಕ್ಕು ತಡೆಯಲು ಗ್ರೀಸ್ ಹಚ್ಚಲೇಬೇಕೆಂದರೆ ಬಿಗಿತವನ್ನು ಕಾಲು ಭಾಗ ಇಳಿಸಿ.

ಟಾರ್ಕ್ ರೆಂಚ್ ಆರಿಸುವಾಗ ಚಕ್ರದ ನಟ್ ಬಿಗಿಯುವ ಅರ್ಧ ಇಂಚಿನ ದೊಡ್ಡದು ಇಲ್ಲಿ ಕೆಲಸಕ್ಕೆ ಬಾರದು. 200 ನ್ಯೂಟನ್ ಮೀಟರಿನ ರೆಂಚಿಗೆ 25 ಎಂಬುದು ಲೆಕ್ಕಕ್ಕೇ ಇಲ್ಲದ ಬಲ. ಮೂರೆಂಟಾಂಶ ಇಂಚಿನ, 10ರಿಂದ 60ರವರೆಗಿನದು ಸರಿಯಾದ ಅಳತೆ. ಮೇಲೆ ಕೆಜಿ ಮೀಟರ್, ಫುಟ್ ಪೌಂಡ್, ನ್ಯೂಟನ್ ಮೀಟರ್ ಎಂದು ಎರಡು ಮೂರು ಅಳತೆ ಅಚ್ಚಾಗಿರುತ್ತವೆ. 25 ನ್ಯೂಟನ್ ಮೀಟರ್ ಎಂದರೆ ಎರಡೂವರೆ ಕೆಜಿ ಮೀಟರ್, 18 ಫುಟ್ ಪೌಂಡ್. 25 ಫುಟ್ ಪೌಂಡಿಗೆ ಬಿಗಿದವರು ತಮಗರಿವಿಲ್ಲದೆ 34 ನ್ಯೂಟನ್ ಮೀಟರ್ ಕೊಟ್ಟಿರುತ್ತಾರೆ. ಟಕ್ ಎಂದ ಮೇಲೆ "ಇನ್ನೊಂದು ಸಲ, ಗ್ಯಾರಂಟಿಗೆ" ಎಂದು ಎಳೆಯುವ ಚಪಲವನ್ನು ಬಿಡಬೇಕು.

ಕ್ರಮ ಹೀಗಿರಲಿ: ಸೀಟಿಗೆ ಬ್ರಾಕೆಟ್‌ಗಳನ್ನು ಕಾರಿನ ಹೊರಗೇ ಸಡಿಲವಾಗಿ ಸೇರಿಸಿ, ಒಳಗಿಟ್ಟು, ನೆಲದ ನಾಲ್ಕೂ ಬೋಲ್ಟ್‌ಗಳನ್ನು ಬೆರಳಿನಿಂದ ಹತ್ತಿಸಿ. ಆಮೇಲೆ ಮೂಲೆಯಿಂದ ಎದುರು ಮೂಲೆಗೆ, ಎರಡು ಸುತ್ತಿನಲ್ಲಿ ಬಿಗಿಯಿರಿ. ಮೊದಲು ಅರ್ಧ, ನಂತರ ಪೂರ್ತಿ. ಎಲ್ಲೋ ಒಂದು ತೂತು ನಾಲ್ಕು ಮಿಲಿಮೀಟರ್ ಆಚೆ ನಿಂತಿದ್ದರೆ, ಬ್ರಾಕೆಟ್ಟಿಗೂ ಸೀಟಿಗೂ ನಡುವೆ ಸಂದು ಉಳಿದಿದ್ದರೆ, ಬೋಲ್ಟಿನಿಂದ ಎಳೆದು ಸರಿಮಾಡಬೇಡಿ. ಸಂದಿಗೆ ಉಕ್ಕಿನ ಬುಷ್ ಅಥವಾ ದಪ್ಪ ವಾಷರ್ ತುಂಬಿಸಿ. ಎಳೆದು ಕೂರಿಸಿದ ಫೈಬರ್ ಚಿಪ್ಪಿನಲ್ಲಿ ಬೋಲ್ಟಿನ ಸುತ್ತ ನಕ್ಷತ್ರದಂತೆ ಸಣ್ಣ ಬಿರುಕುಗಳು ಏಳುತ್ತವೆ, ಬಟ್ಟೆಯ ಹೊದಿಕೆಯ ಕೆಳಗೆ ಅವು ಕಾಣುವುದೂ ಇಲ್ಲ.

ಬ್ರಾಕೆಟ್ಟಿಗೆ ಪೌಡರ್ ಕೋಟಿಂಗ್ ಮಾಡಿಸಿದ್ದರೆ ಆ ದಪ್ಪ ಬಣ್ಣ ತಲೆಯ ಕೆಳಗೆ ನಿಧಾನವಾಗಿ ಕುಗ್ಗಿ ಬಿಗಿತ ಇಳಿಯುತ್ತದೆ. ಒಂದು ವಾರ ಓಡಿಸಿ ಮತ್ತೊಮ್ಮೆ ರೆಂಚ್ ಹಾಕಿ ನೋಡಿ. ಅಂಟು ಹಾಕಿದ ಬೋಲ್ಟ್ ಕದಲಿದರೆ ಮಾತ್ರ ಬಿಚ್ಚಿ ಹೊಸ ಅಂಟಿನೊಂದಿಗೆ ಬಿಗಿಯಿರಿ. ಸರಿಯಾದ ಬಿಗಿತ ಸಿಕ್ಕ ಮೇಲೆ ತಲೆಯಿಂದ ಬ್ರಾಕೆಟ್ಟಿನ ಮೇಲೆ ಹಾಯುವಂತೆ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆದರೆ, ಮುಂದೆ ಟಾರ್ಚ್ ಹಿಡಿದು ನೋಡಿದರೆ ಸಾಕು.

ಬೆಲ್ಟ್, ಏರ್‌ಬ್ಯಾಗ್, ಕಾನೂನು

ಹಲವು ಕಾರುಗಳಲ್ಲಿ ಬೆಲ್ಟಿನ ಬಕಲ್ ಮೂಲ ಸೀಟಿನ ಚೌಕಟ್ಟಿಗೇ ಅಂಟಿರುತ್ತದೆ. ಸೀಟು ಬದಲಿಸಿದಾಗ ಬಕಲ್ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಬೋಲ್ಟ್ ಕೊಳ್ಳುವ ಮೊದಲೇ ತೀರ್ಮಾನಿಸಿ. ಏಕೆಂದರೆ ಅದು ಹೊಸ ಬ್ರಾಕೆಟ್ಟಿಗೆ ಸೇರಿದರೆ ಬೆಲ್ಟಿನ ಹೊರೆಯೂ ಸೀಟಿನ ಬೋಲ್ಟ್‌ಗಳ ಮೇಲೇ ಬೀಳುತ್ತದೆ. ಎಂ8ಕ್ಕೆ ಇಲ್ಲಿ ಜಾಗವಿಲ್ಲ. ಬೆಲ್ಟಿನ ಬೋಲ್ಟ್ ಹೆಚ್ಚಿನ ಕಾರುಗಳಲ್ಲಿ ಮಿಲಿಮೀಟರಿನದಲ್ಲ, 7/16 ಇಂಚು, ಇಂಚಿಗೆ 20 ಥ್ರೆಡ್ಡಿನ ಯುಎನ್‌ಎಫ್. ಎಂ12 ಅದರೊಳಗೆ ಹೋಗುವುದೇ ಇಲ್ಲ, ಎಂ10 ಗಡಗಡ ಅಲ್ಲಾಡುತ್ತ ಹೋಗುತ್ತದೆ. ಮೂಲ ಬೋಲ್ಟನ್ನೇ ಜೋಪಾನ ಮಾಡಿ.

ಮೂಲ ಸೀಟಿನಲ್ಲಿ ಬದಿಯ ಏರ್‌ಬ್ಯಾಗ್ ಇದ್ದರೆ ಬ್ಯಾಟರಿ ಬಿಚ್ಚಿ ಕೆಲವು ನಿಮಿಷ ಕಾದ ಮೇಲೆಯೇ ಹಳದಿ ಕನೆಕ್ಟರನ್ನು ಮುಟ್ಟಿ. ಆ ಏರ್‌ಬ್ಯಾಗ್ ಇನ್ನು ನಿಮಗಿಲ್ಲ ಎಂಬುದನ್ನೂ ಒಪ್ಪಿಕೊಳ್ಳಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನೋಂದಾಯಿತ ವಾಹನದ ಮೂಲ ವಿವರಗಳಿಗೆ ಹೊಂದದ ಮಾರ್ಪಾಡನ್ನು ಒಪ್ಪುವುದಿಲ್ಲ. ನಿತ್ಯ ಹೊರ ವರ್ತುಲ ರಸ್ತೆಯಲ್ಲಿ ಓಡಾಡುವ ಒಂದೇ ಕಾರು ನಿಮ್ಮದಾಗಿದ್ದರೆ ಮೂಲ ಸೀಟನ್ನು ಉಳಿಸಿಕೊಳ್ಳಿ ಎಂಬುದೇ ನನ್ನ ಸಲಹೆ. ಸ್ಪರ್ಧೆಯ ಕಾರಾದರೆ ಸೀಟಿನ ಹಿಂಬದಿಯ ಎಫ್‌ಐಎ ಚೀಟಿ ಓದಿ: 8855-1999 ಮಾನದಂಡದ ಸೀಟಿಗೆ ತಯಾರಾದ ದಿನದಿಂದ ಐದು ವರ್ಷವಷ್ಟೇ ಆಯಸ್ಸು. ಅವಧಿ ಮೀರಿದ ಸೀಟಿಗೆ ಎಷ್ಟು ಒಳ್ಳೆಯ ಬೋಲ್ಟ್ ಹಾಕಿದರೂ ತಾಂತ್ರಿಕ ತಪಾಸಣೆಯಲ್ಲಿ ಅದು ನಿಲ್ಲುವುದಿಲ್ಲ.

ಇಷ್ಟೆಲ್ಲ ರಗಳೆ ಬೇಡ, ಸೀಟು ಮನೆಯ ಸಿಮ್ಯುಲೇಟರಿಗೆ ಎನ್ನುವವರ ಕೆಲಸ ಹಗುರ. ಅಲ್ಯೂಮಿನಿಯಂ ಪ್ರೊಫೈಲಿನ ಚೌಕಟ್ಟಿಗೆ ಎಂ8 ಟಿ-ನಟ್ (ಪ್ರೊಫೈಲಿನ ಕಾಲುವೆಯೊಳಗೆ ಕೂರುವ ನಟ್), 8.8 ಬೋಲ್ಟ್, ಅಗಲ ವಾಷರ್ ಸಾಕು. ಇಲ್ಲಿ ಸ್ಟೇನ್‌ಲೆಸ್ ಹಾಕಿದರೂ ಯಾರ ಜೀವಕ್ಕೂ ಕುತ್ತಿಲ್ಲ, ಬಟನ್ ಹೆಡ್ ಹಾಕಿದರೂ ನಡೆದೀತು. ಚಿಪ್ಪಿನ ಥ್ರೆಡ್ಡಿನ ಆಳ ಮತ್ತು ಬೋಲ್ಟಿನ ಉದ್ದದ ಲೆಕ್ಕವನ್ನು ಮಾತ್ರ ಇಲ್ಲೂ ಬಿಡುವ ಹಾಗಿಲ್ಲ.